ಅಣ್ಣಾಸಾಬನ ಕಮಿಷನ್ನೂ ನನ್ನ ದೂರೂ

ಜಗಳದಲ್ಲಿ ತಪ್ಪು ನಮ್ಮದೇ ಆಗಿದ್ದರೆ ಒಂದು ಅನುಕೂಲವಿದೆ. ಕ್ಷಮೆ ಕೇಳಿ ಹಗುರಾಗಬಹುದು. ನಾವೇ ಸರಿಯಾಗಿದ್ದರೆ ದೊಡ್ಡ ಪಜೀತಿ. ಯಾರ ಮುಂದೆ ಹೋಗಿ ಏನೆಂದು ಕ್ಷಮೆ ಕೇಳುವುದು? "ನಾನು ಸರಿಯಾಗಿದ್ದೆನಪ್ಪಾ, ಹೊಟ್ಟೆಗೆ ಹಾಕಿಕೋ" ಎನ್ನಲಾದೀತೇ? ನನ್ನ ಆಯುಷ್ಯದಲ್ಲಿ ನಾನು ಪೂರ್ತಿ ಸರಿಯಾಗಿದ್ದ ಪ್ರಸಂಗಗಳು ಬಹಳ ಇಲ್ಲ. ಹೆಂಡತಿ ಸುಮಿತ್ರಾಳನ್ನು ಕೇಳಿದರೆ ಒಂದೂ ಇಲ್ಲ ಎಂದಾಳು. ಇದ್ದ ಒಂದೇ ಒಂದನ್ನು ನೆನೆದರೆ ಈಗಲೂ ರಾತ್ರಿ ಉಂಡದ್ದು ಮೈಗೆ ಹತ್ತುವುದಿಲ್ಲ.

ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುವವನು. ದಲ್ಲಾಳಿಯಾದವನು ತನಗೆ ಸಿಗುವ ಲಾಭವನ್ನು ಗಿರಾಕಿಗೆ ಮೊದಲೇ ಹೇಳಬೇಕು ಎಂಬ ಪಾಠವನ್ನು ವರ್ಷ ವರ್ಷ ಕರಿಹಲಗೆಯ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದವನು. ಆದರೆ ಸ್ವಂತಕ್ಕೆ ಕಾರು ಕೊಳ್ಳುವಾಗ ಸಾಲದ ಕಾಗದಗಳ ಒಂದು ಸಾಲನ್ನೂ ಓದದೆ ಸಹಿ ಹಾಕಿದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಓದದ್ದಕ್ಕೆ ಕಾರಣವೂ ಇತ್ತು. ಕಾಗದ ಮುಂದಿಟ್ಟವನು ಅಣ್ಣಾಸಾಬ. ಅಕ್ಕೋಳದ ಶಾಲೆಯಲ್ಲಿ ಒಂದೇ ಹಲಗೆಯ ಮೇಲೆ ಕುಳಿತು, ಒಂದೇ ಬೆತ್ತದಿಂದ ಏಟು ತಿಂದವರು ನಾವು. ಅವನೀಗ ನಿಪ್ಪಾಣಿಯ ಕಾರು ಶೋರೂಮಿನಲ್ಲಿ ಸಾಲ ಮಾಡಿಸುವ ಟೇಬಲ್ಲಿನ ಹಿಂದೆ ಕೂರುತ್ತಿದ್ದ. "ಲೇ ಮಾಸ್ತರ, ನಾ ಅದೀನಲ್ಲೋ, ನಿನಗ್ಯಾಕ ಚಿಂತಿ? ಇಲ್ಲೊಂದ ಸೈ ಹಾಕು, ಅಲ್ಲೊಂದ ಹಾಕು. ಚಾ ಆರತೈತಿ" ಎಂದ. ಹಾಕಿದೆ.

ಆ ಚಹಾದ ಬಗ್ಗೆಯೂ ಹೇಳಬೇಕು. ಹುಡುಗರಾಗಿದ್ದಾಗಿನಿಂದ ನಮ್ಮಿಬ್ಬರಿಗೂ ಒಂದೇ ಚಹಾ. ಕಪ್ಪಿನಲ್ಲಿ ಉಳಿದದ್ದು ಅವನಿಗೆ, ಬಶಿಗೆ ಸುರಿದದ್ದು ನನಗೆ. ಆಗ ಎರಡು ಚಹಾಕ್ಕೆ ದುಡ್ಡಿರಲಿಲ್ಲ. ದುಡ್ಡು ಬಂದ ಮೇಲೂ ಅದೇ ರೂಢಿ ನಡೆಯಿತು. ಯಾರ ಪಾಲಿಗೆ ಎಷ್ಟು ಬಂತೆಂದು ಇಬ್ಬರೂ ಎಂದೂ ಇಣುಕಿ ನೋಡಿದವರಲ್ಲ.

ನಮ್ಮಪ್ಪನಾದರೆ ನೋಡುತ್ತಿದ್ದ. ಅವನು ಚಿಂಚಲಿಯ ದನದ ಪೇಟೆಯಲ್ಲಿ ಎತ್ತು ಕೊಳ್ಳುತ್ತಿದ್ದವನು. ಅಲ್ಲಿ ದಲ್ಲಾಳಿ ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಒತ್ತಿ ಬೆಲೆ ಮಾತಾಡುತ್ತಿದ್ದ. ಪಕ್ಕದಲ್ಲಿ ನಿಂತವನಿಗೂ ಸುಳಿವು ಸಿಗುತ್ತಿರಲಿಲ್ಲ. ಆದರೆ ವ್ಯವಹಾರ ಮುಗಿದ ಮೇಲೆ ಅಪ್ಪ ದಲ್ಲಾಳಿಯ ಪಾಲನ್ನು ನಾಲ್ಕು ಜನರ ಮುಂದೆ ಕೈಗಿಡುತ್ತಿದ್ದ, ಅವನು ಅದನ್ನು ಕಣ್ಣಿಗೊತ್ತಿಕೊಂಡು ಕಿಸೆಗೆ ಇಳಿಸುತ್ತಿದ್ದ. ಬೆಲೆ ಗುಟ್ಟು, ದಲ್ಲಾಳಿ ಬಹಿರಂಗ. ಶೋರೂಮಿನಲ್ಲಿ ಇದು ತಿರುಗುಮುರುಗು. ಬೆಲೆಯನ್ನು ಗಾಜಿನ ಮೇಲೆ ಗೇಣುದ್ದದ ಅಕ್ಷರದಲ್ಲಿ ಬರೆದಿರುತ್ತಾರೆ, ಟವೆಲ್ಲಿನ ಕೆಳಗೆ ಇರುವುದು ದಲ್ಲಾಳಿ. ಇದು ನನಗೆ ತಿಳಿಯುವ ಹೊತ್ತಿಗೆ ಸಾಲ ತೀರಿ ಹೋಗಿತ್ತು. ಕಾರೂ ಮುದಿಯಾಗಿ, ಎಡಗಡೆಯ ಕಿಟಕಿಯ ಗಾಜನ್ನು ಎರಡೂ ಕೈಯಿಂದ ಹಿಡಿದು ಎಳೆದರೆ ಮಾತ್ರ ಮೇಲೆ ಬರುವ ಸ್ಥಿತಿ ತಲುಪಿತ್ತು.

ತಿಳಿಸಿದವರು ರಾಜ್ಯಶಾಸ್ತ್ರದ ಮುಲ್ಲಾ ಸರ್. ಒಂದು ದಿನ ಸ್ಟಾಫ್ ರೂಮಿನಲ್ಲಿ ಮೊಬೈಲು ನೋಡುತ್ತ, "ಸರ, ವಿಲಾಯತಿಯೊಳಗ ಮಂದಿ ಹಳೇ ಕಾರಿನ ಸಾಲದ ಮ್ಯಾಲ ತಕ್ರಾರ ಮಾಡಾಕತ್ತಾರ ನೋಡ್ರಿ. ಸಾಲ ಕೊಡಿಸಿದವರು ಹೇಳಲಾರದ ಕಮಿಷನ್ ತಿಂದಿದ್ರಂತ. ರೊಕ್ಕ ಹೊಳ್ಳಿ ಬರತಾವಂತ. ನಿಮ್ಮದೂ ಒಮ್ಮೆ ಕೇಳ್ರಲಾ" ಎಂದರು. ವಿಲಾಯತಿಯವರು ಕೇಳಬಹುದಾದರೆ ಚಿಕ್ಕೋಡಿಯವನು ಯಾಕೆ ಕೇಳಬಾರದು? ಸಾಲ ಕೊಟ್ಟ ಕಂಪನಿಗೆ ಮೇಲ್ ಹಾಕಿದೆ. ಹೌದು, ನಿಮ್ಮ ಸಾಲ ಮಾಡಿಸಿದವರಿಗೆ ಕಮಿಷನ್ ಸಂದಿದೆ, ಬಡ್ಡಿಯ ದರದಲ್ಲಿ ಅದೂ ಸೇರಿದೆ ಎಂದು ಅವರು ಬಹಳ ನಯವಾಗಿ ಉತ್ತರ ಬರೆದರು. ಓದಿದಾಗ ನನಗೆ ನೋವಾಯಿತು. ದುಡ್ಡಿಗಿಂತ ಹೆಚ್ಚಾಗಿ, ಆ "ನಾ ಅದೀನಲ್ಲೋ" ಎಂಬ ಮಾತು ನೆನಪಾಗಿ ನೋವಾಯಿತು.

ಆಗ ನಾನು ನಿಪ್ಪಾಣಿಗೆ ಹೋಗಿ ಅವನ ಎದುರು ಕುಳಿತು, "ಏನಲೇ ಇದು?" ಎಂದು ಕೇಳಬೇಕಿತ್ತು. ದೂರವೇನಲ್ಲ. ಆದರೆ ಗೆಳೆಯನ ಮುಖ ನೋಡಿ ದುಡ್ಡಿನ ಮಾತೆತ್ತಲು ನನಗೆ ಸಂಕೋಚ. ನಮ್ಮಂಥ ಓದಿದವರಿಗೆ ಸಂಕೋಚ ಹೆಚ್ಚು, ಆದ್ದರಿಂದ ನಾವು ಅರ್ಜಿ ಬರೆಯುತ್ತೇವೆ. ಕಂಪನಿಗೆ ದೊಡ್ಡದೊಂದು ದೂರು ಬರೆದೆ. ಪಾಠದ ಇಡೀ ಅಧ್ಯಾಯವನ್ನೇ ಅದರಲ್ಲಿ ತುರುಕಿದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಕೊನೆಗೆ, ನನ್ನ ತಕರಾರು ವ್ಯವಸ್ಥೆಯ ಮೇಲೆಯೇ ಹೊರತು ಯಾವ ವ್ಯಕ್ತಿಯ ಮೇಲೂ ಅಲ್ಲ ಎಂದು ಸೇರಿಸಿದೆ. ಆ ವಾಕ್ಯ ಬರೆದು ನನ್ನ ಉದಾರತನಕ್ಕೆ ನಾನೇ ಮೆಚ್ಚಿದ್ದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು. ಕಂಪನಿ ನನಗೆ ಒಂದಿಷ್ಟು ಹಣ ಮರಳಿಸಿ ಅದನ್ನು ಶೋರೂಮಿನಿಂದ ವಸೂಲು ಮಾಡಿತು. ಶೋರೂಮು ಅಣ್ಣಾಸಾಬನ ಪಗಾರದಿಂದ ಹಿಡಿಯಿತು. ಇದನ್ನು ನನಗೆ ಫೋನಿನಲ್ಲಿ ಸಂತೋಷದಿಂದ ತಿಳಿಸಿದವರು ಶೋರೂಮಿನ ಮಾಲಕರು. "ನಿಮ್ಮ ತಕ್ರಾರ ಬಗಿಹರೀತ್ರಿ ಸರ. ಆ ಮನಷ್ಯಾನ್ನ ಸಾಲದ ಟೇಬಲ್ ಬಿಡಿಸಿ, ಗಾಡಿ ತೊಳಿಯೋ ಕಡೆ ಹಾಕೀವಿ. ನೀವೂ ಗಾಡಿ ತರ್ರಿ, ಒಂದ ಸಲ ಪುಕ್ಕಟೆ ತೊಳದ ಕೊಡತೇವಿ" ಎಂದರು. ವ್ಯವಸ್ಥೆ ಎಲ್ಲಿತ್ತೋ ಅಲ್ಲೇ ಇತ್ತು. ವ್ಯಕ್ತಿ ಮಾತ್ರ ಟೇಬಲ್ಲಿನಿಂದ ಎದ್ದು ಅಂಗಳಕ್ಕೆ ಹೋಗಿದ್ದ.

ಸುಮಿತ್ರಾ ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು. "ಶಿರಗುಪ್ಪಿ ಹತ್ರ ಗಾಡಿ ಕೆಟ್ಟ ನಿಂತಾಗ ಯಾರ ಬಂದಿದ್ರು?" ಎಂದಳು. ಕಬ್ಬಿನ ಹಂಗಾಮು, ಹಿಂದೆ ಟ್ರ್ಯಾಕ್ಟರುಗಳ ಸಾಲು, ಎಲ್ಲರೂ ಹಾರ್ನ್ ಹೊಡೆಯುತ್ತಿದ್ದಾಗ ಅಣ್ಣಾಸಾಬ ಅಷ್ಟು ದೂರದಿಂದ ಬೈಕಿನ ಮೇಲೆ ಹಗ್ಗ ಕಟ್ಟಿಕೊಂಡು ಬಂದಿದ್ದ. "ನನ್ನ ಆಪರೇಶನ್ ಆದಾಗ ದವಾಖಾನಿ ಬಾಗಲದಾಗ ಕುಂತಾವ ಯಾರು? ನೀವು ಪೇಪರ ತಿದ್ದಾಕ ಹೋಗಿದ್ರಿ." ನಾನು ಮೆಲ್ಲಗೆ, "ಆದರ ಹೇಳಲಾರದ ತಿಂದದ್ದ ತಪ್ಪಲ್ಲೇನು?" ಎಂದೆ. "ತಪ್ಪ ಖರೇನ. ತಿಂದದ್ದ ಹೇಳಲಿಲ್ಲ. ನಮಗ ಮಾಡಿದ್ದನ್ನರ ಎಂದರ ಹೇಳ್ಯಾನ್ರಿ ಅಂವ?" ಎಂದು ರೊಟ್ಟಿಯನ್ನು ತವೆಯ ಮೇಲೆ ಹಾಕಿದಳು.

ರವಿವಾರ ಗಾಡಿ ತೊಳೆಸುವ ನೆಪ ಮಾಡಿ ನಿಪ್ಪಾಣಿಗೆ ಹೊರಟೆ. ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡೆ. ಯಾವ ವಾಕ್ಯ ಕಟ್ಟಿದರೂ ಅದು ಆ ದೂರಿನ ಹಾಗೆಯೇ ಕೇಳಿಸುತ್ತಿತ್ತು. ಅಣ್ಣಾಸಾಬ ಪ್ಯಾಂಟು ಮಡಚಿ, ನೀರಿನ ಪೈಪು ಹಿಡಿದು ನಿಂತಿದ್ದ. ಅವನ ಕೂದಲು ಇಷ್ಟು ನರೆತದ್ದು ಟೇಬಲ್ಲಿನ ಹಿಂದೆ ಇದ್ದಾಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನನ್ನನ್ನು ಕಂಡು, "ಬರ್ರಿ ಸರ್" ಎಂದ.

ಅವನ ಬಾಯಲ್ಲಿ ನಾನು ಸರ್ ಆದದ್ದು ಅದೇ ಮೊದಲು. "ಅಣ್ಣಾ, ನಾ ನಿನ್ನ ಮ್ಯಾಲ ದೂರ ಕೊಟ್ಟಿಲ್ಲೋ. ಕಂಪನಿ ಮ್ಯಾಲ ಕೊಟ್ಟಿದ್ನಿ" ಎಂದೆ.

"ಹೌದ್ರಿ. ಆದರ ಕಂಪನಿ ಅಂದ್ರ ಇಲ್ಲಿ ಮತ್ಯಾರ ಅದಾರ್ರಿ? ನಾನ ಅಲ್ಲ?" ಎಂದು ಗಾಡಿಗೆ ನೀರು ಬಿಟ್ಟ. ಪೈಪನ್ನು ಚಕ್ರದ ಕಡೆ ತಿರುಗಿಸಿ, "ಹೇಳಲಾರದ್ದ ತಪ್ಪ ನಂದ. ಅದಕ್ಕ ನಾ ಇಲ್ಲ ಅನ್ನೂದಿಲ್ಲ. ಆದರ ನೀ ಒಂದ ಸಲ ನನ್ನ ಎದುರ ಬಂದ..." ಎಂದವನು ತಡೆದು, "ನೀವು ಕೇಳಬೇಕಿತ್ರಿ ಸರ್" ಎಂದ.

ಚಕ್ರದ ಸಂದುಗೊಂದಿನ ಕೆಸರನ್ನೂ ಬಿಡದೆ ತಿಕ್ಕಿ ತೊಳೆದ. ಆಮೇಲೆ ಎಡಗಡೆಯ ಕಿಟಕಿಯ ಗಾಜು ತೋರಿಸಿ ಹೇಳಿದ: "ಈ ಕಾಚ ಮಾಡಿಸೂದಿದ್ರ ಎದುರಿನ ಗ್ಯಾರೇಜಿಗೆ ಒಯ್ರಿ. ನಾ ಕಳಿಸಿದ್ರ ಅಂವ ನನಗ ಏನರ ಕೊಡತಾನ. ಮೊದಲ ಹೇಳಿರತೇನಿ. ಇನ್ನ ಈ ತೊಳಿಯೂದರಾಗ ನಂದೇನೂ ಕಮಿಷನ್ ಇಲ್ರಿ." ನಾನು ನಕ್ಕೆ. ಅವನು ನಗಲಿಲ್ಲ. ಅದು ಚೇಷ್ಟೆಯೋ ಸಂಕಟವೋ, ಇಷ್ಟು ವರ್ಷ ಅವನ ಜೊತೆ ಕಳೆದ ನನಗೆ ತಿಳಿಯಲಿಲ್ಲ. ಹಾಗೆ ತಿಳಿಯದೆ ಹೋದದ್ದಕ್ಕೆ ನನಗೆ ಹೆದರಿಕೆಯಾಯಿತು.

"ಚಾ ಕುಡಿಯೂಣ ಬಾರೋ" ಎಂದು ಬಲವಂತ ಮಾಡಿದೆ. ಬಂದ. ಚಹಾದಂಗಡಿಯವನು ಹಳೆಯ ರೂಢಿಯಂತೆ ಒಂದು ಕಪ್ಪು, ಒಂದು ಬಶಿ ತಂದಿಟ್ಟ. ಅಣ್ಣಾಸಾಬ ಕಪ್ಪನ್ನು ನನ್ನ ಕಡೆ ಸರಿಸಿ, "ಇನ್ನೊಂದ ಫುಲ್ ಕೊಡು. ನಂದ ಬ್ಯಾರೆ, ಸರ್‌ದ ಬ್ಯಾರೆ" ಎಂದ. ತನ್ನದರ ದುಡ್ಡನ್ನು ತಾನೇ ಕೊಟ್ಟ. ಲೆಕ್ಕ ಚೊಕ್ಕವಾಯಿತು, ಯಾವುದೂ ಗುಟ್ಟಿಲ್ಲ. ನಾನು ದೂರಿನಲ್ಲಿ ಕೇಳಿದ್ದೂ ಇದನ್ನೇ. ಆದರೆ ಅರ್ಧ ಚಹಾ ಕುಡಿದೇ ರೂಢಿಯಾದ ನನಗೆ ಪೂರ್ತಿ ಕಪ್ಪು ಇಳಿಯಲಿಲ್ಲ. ಉಳಿದದ್ದನ್ನು ಬಶಿಗೆ ಸುರಿದು ಅವನ ಮುಂದೆ ಸರಿಸಿದೆ. "ಬ್ಯಾಡ್ರಿ ಸರ್. ನನ್ನ ಪಾಲ ನನಗ ಮುಟ್ಟೇತಿ" ಎಂದು ಎದ್ದ.

ಮನೆಗೆ ಬಂದಾಗ ಸುಮಿತ್ರಾ ಗಾಡಿಯ ಸುತ್ತ ಒಂದು ಸುತ್ತು ಹಾಕಿ, "ಭಾಳ ಛಲೋ ತೊಳದಾರಲ್ರಿ. ಎಷ್ಟ ಬಿತ್ತು?" ಎಂದಳು.

"ಏನೂ ಇಲ್ಲ, ಪುಕ್ಕಟೆ" ಎಂದು, ಬಶಿಯ ಚಹಾದ ಮಾತೆತ್ತದೆ ಒಳಗೆ ನಡೆದೆ. ಹೇಳಬೇಕಾದ್ದನ್ನು ಹೇಳದೆ ಮುಚ್ಚಿಡುವುದು ಎಷ್ಟು ಸುಲಭವೆಂದು ಆಗ ನನಗೆ ತಿಳಿಯಿತು.