ಅತಿಥಿಯ ಮುಷ್ಟಿಯಲ್ಲಿ ಗಂಧಕ

ವಸ್ತುಸಂಗ್ರಹಾಲಯದ ಖನಿಜ ವಿಭಾಗ ನೋಡಿಕೊಳ್ಳುತ್ತಿದ್ದ ಕಲ್ಲುಮಾಮನಿಗೆ ಆ ದಿನ ಗ್ರಹಚಾರ ಹಳದಿ ಬಣ್ಣದಲ್ಲಿ ಬಂತು. ಗಾಜಿನ ಪೆಟ್ಟಿಗೆಯಲ್ಲಿದ್ದ ಗಂಧಕದ ಹರಳನ್ನು ಚುನಾವಣೆಗೆ ನಿಂತಿದ್ದ ಮುಖ್ಯ ಅತಿಥಿಗಳು ಸಮಾರಂಭದಲ್ಲಿ ಕೈಯಲ್ಲಿ ಹಿಡಿದೇ ಭಾಷಣ ಮಾಡಬೇಕೆಂದು ನಿರ್ದೇಶಕರ ಅಪ್ಪಣೆಯಾಯಿತು.

"ಸರ್, ಅದು ಹಸುಗೂಸಿಗಿಂತ ನಾಜೂಕು. ಅಂಗೈ ಬಿಸಿ ತಾಗಿದ್ರೆ ಸಾಕು, ಸೀಳಿಹೋಗುತ್ತೆ," ಎಂದ ಕಲ್ಲುಮಾಮ.

"ಅವರ ಕೈಗೆ ಬಿಸಿ ಎಲ್ಲಿಂದ ಬರ್ಬೇಕ್ರೀ? ಜನ್ಮದಲ್ಲಿ ಕೆಲಸ ಮಾಡಿದ ಕೈಯಲ್ಲ ಅದು. ಕೊಡಿ!"

ಸಭೆ ಶುರುವಾಯಿತು. "ಬೆಂಕಿಪರ್ವತದ ಬಾಯಿಂದ ಬಂದ ಆವಿ ತಣಿದು ಈ ಹರಳಾಯಿತು. ಬೆಂಕಿಕಡ್ಡಿ, ಟೈರು, ಗೊಬ್ಬರ, ಕಜ್ಜಿಯ ಮುಲಾಮು, ಎಲ್ಲಕ್ಕೂ ಇದೇ ಬೇಕು," ಎಂದು ಕಲ್ಲುಮಾಮ ಬರೆದುಕೊಟ್ಟಿದ್ದನ್ನು ಓದಿದ ಅತಿಥಿಗಳು, ಅಲ್ಲಿಗೇ ನಿಲ್ಲಿಸದೆ ತಾವು ಹುಟ್ಟಿದ ಕತೆಗೆ ಬಂದರು. ಹುಟ್ಟಿ, ಬೆಳೆದು, ಎರಡನೆಯ ಮದುವೆಗೆ ಬರುವಷ್ಟರಲ್ಲಿ ಮುಷ್ಟಿಯೊಳಗಿಂದ ಚಿಟಿಚಿಟಿ ಸದ್ದು. ಚಪ್ಪಾಳೆಯ ಗದ್ದಲದಲ್ಲಿ ಅವನ ಕೈಗೆ ವಾಪಸು ಬಂದದ್ದು ಎರಡು ಹೋಳು.

"ಕೆಲಸ ಹೋಯ್ತು ಬಿಡಿ ನಿಮ್ದು," ಎಂದು ಟೈಪಿಸ್ಟ್ ಅಕ್ಕ ಸಮಾಧಾನ ಹೇಳಿದಳು.

ಲೈಬ್ರರಿಯನ್ ಹತ್ತಿರ ಉಪಾಯವಿತ್ತು. "ಗಂಧಕ ಬೇಗ ಕರಗುತ್ತೆ ಕಣ್ರೀ. ಅಂಚು ಸ್ವಲ್ಪ ಕರಗಿಸಿ ಒತ್ತಿ ಹಿಡೀರಿ. ದೇವ್ರಿಗೂ ಗೊತ್ತಾಗಲ್ಲ."

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಕಲ್ಲುಮಾಮ ಎರಡೂ ಹೋಳನ್ನು ಟೀ ಪಾತ್ರೆಗೆ ಹಾಕಿ ಕರೆಂಟ್ ಒಲೆಯ ಮೇಲಿಟ್ಟ. ಅಂಚು ಕರಗಲಿ ಎಂದು ಕಾಯುತ್ತಿದ್ದಂತೆ ಹೋಳುಗಳೇ ಜೇನಿನಂತೆ ಹರಿದವು. ಗಾಬರಿಯಿಂದ ಪಾತ್ರೆ ಎತ್ತಿದ್ದೇ ತಪ್ಪಾಯಿತು. ಕಾದ ಹಿಡಿ ಜಾರಿ ಕೆಂಪಗೆ ಕಾದ ತಂತಿಯ ಮೇಲೆ ಅಷ್ಟೂ ಚೆಲ್ಲಿತು. ನೀಲಿ ಉರಿ ಎದ್ದಿತು; ಹಿಂದೆಯೇ ಮೂಗಿಗೆ ಸೂಜಿ ಚುಚ್ಚಿದಂಥ ಹೊಗೆ. ಇಡೀ ಕಚೇರಿ ಕೆಮ್ಮುತ್ತ ಬೀದಿಗೆ ಬಿತ್ತು.

ಅಷ್ಟರಲ್ಲಿ ಅತಿಥಿಗಳನ್ನು ಬೀಳ್ಕೊಟ್ಟು ಬಂದ ನಿರ್ದೇಶಕರ ಮುಖದ ತುಂಬ ನಗು.

"ರೀ, ನಮ್ಮ ಅದೃಷ್ಟ ಖುಲಾಯಿಸ್ತು! ಬರೀ ಮುಷ್ಟಿಯಲ್ಲಿ ಕಲ್ಲು ಪುಡಿ ಮಾಡಿದೆ ಅಂತ ಅತಿಥಿಗಳು ಗೇಟಿನವರೆಗೂ ಸಿಕ್ಕಸಿಕ್ಕವರಿಗೆಲ್ಲ ಹೇಳ್ಕೊಂಡು ಹೋದ್ರು. ಸಂಜೆ ಚುನಾವಣಾ ಸಭೆಯಲ್ಲಿ ತೋರಿಸೋಕೆ ಆ ಎರಡು ಹೋಳು ಬೇಕಂತೆ. ಕಾರು ಕಳಿಸ್ತಿದ್ದಾರೆ. ತನ್ನಿ, ತನ್ನಿ!"

ಕಲ್ಲುಮಾಮ ಖಾಲಿ ಟೀ ಪಾತ್ರೆಯನ್ನು ಬೆನ್ನ ಹಿಂದೆ ಸರಿಸಿದ. "ಸರ್... ಅದನ್ನ ಅಂಟಿಸೋಕೆ ಹೋಗಿ..."

"ಅಂಟಿಸೋಕಾ? ಅಷ್ಟು ಚೆನ್ನಾಗಿ ಒಡೆದಿದ್ದನ್ನ ರಿಪೇರಿ ಮಾಡಿ ಅಂತ ನಿಮಗೆ ಯಾವನ್ರೀ ಹೇಳಿದ್ದು?"

ಹಿಂದಿನಿಂದ ಲೈಬ್ರರಿಯನ್ ಮೂಗಿನ ಮೇಲಿನ ಕರವಸ್ತ್ರ ತೆಗೆದ.

"ನಾನೂ ಬಡ್ಕೊಂಡೆ ಸರ್, ಬೇಡ್ರೀ ಅಂತ."