ಎಂಜಿನ್ನಿಗೆ ತೊಡಿಸಿದ ಕವರು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಕಾರಿನ ಬಣ್ಣ ಬಿಳಿ ಎಂದು ನಾನೂ ಬೂದು ಎಂದು ನನ್ನ ಗಂಡನೂ ಇವತ್ತಿಗೂ ವಾದಿಸುತ್ತೇವೆ; ಹಳಿಯಾಳ ರಸ್ತೆಯ ಧೂಳನ್ನು ಲೆಕ್ಕಕ್ಕೆ ಹಿಡಿದರೆ ಇಬ್ಬರೂ ಸರಿಯೇ. ಕಾಲ ಎರಡು ಸಾವಿರದ ಇಸವಿಯ ಆಚೀಚೆ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಒಂದು ಘಟನೆಯಿಂದ ಯಾರಿಗೆ ಲಾಭವಾಯಿತೋ ಅವರ ಹೇಳಿಕೆಯನ್ನು ಸುಮ್ಮನೆ ನಂಬಬೇಡಿ ಎಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಈ ಪ್ರಕರಣದಲ್ಲಿ ಲಾಭವಾದದ್ದು ನನಗೇ. ದಿನಚರಿ ಬರೆಯುವ ಚಟವೇನೋ ಇದೆ, ಆದರೆ ನಾಚಿಕೆಯಾದ ದಿನಗಳಲ್ಲಿ ನಾನು ಹವಾಮಾನದ ಬಗ್ಗೆ ಮಾತ್ರ ಬರೆದಿರುತ್ತೇನೆ. ಆ ದಿನದ್ದನ್ನು ತೆಗೆದು ನೋಡಿದೆ. 'ಬಿಸಿಲು ಜೋರು' ಎಂದಿದೆ, ಅಷ್ಟೆ.

ಆಗ ನಾವು ದಾಂಡೇಲಿಯ ಬಂಗೂರನಗರದಲ್ಲಿದ್ದೆವು. ಗಂಡನಿಗೆ ಕಾಗದದ ಕಾರ್ಖಾನೆಯಲ್ಲಿ ಕೆಲಸ, ನನಗೆ ಹಳಿಯಾಳದ ಒಂದು ಕಾಲೇಜಿನಲ್ಲಿ ಪಾಠ. ದಿನಾ ಬಸ್ಸಿನಲ್ಲಿ ಓಡಾಟ. ಬಸ್ಸಿನಲ್ಲಿ ನಿಲ್ಲುವುದು ನನಗೆ ಕಷ್ಟವಾಗುತ್ತಿರಲಿಲ್ಲ. ನನ್ನ ತರಗತಿಯ ಹಿಂದಿನ ಬೆಂಚಿನ ಹುಡುಗರು ಎದ್ದು 'ಕೂಡ್ರಿ ಮೇಡಂ' ಎಂದು ಸೀಟು ಕೊಡುವುದು ಕಷ್ಟವಾಗುತ್ತಿತ್ತು. ಬೆಳಿಗ್ಗೆ ಅವರ ಸೀಟಿನಲ್ಲಿ ಕೂತು ಬಂದು, ಮಧ್ಯಾಹ್ನ ಅವರನ್ನು ತರಗತಿಯಲ್ಲಿ ಎದ್ದು ನಿಲ್ಲಿಸುವುದು ಹೇಗೆ? ಹಾಗಾಗಿ ಮನೆಗೆ ಸೆಕೆಂಡ್ ಹ್ಯಾಂಡ್ ಕಾರು ಬಂದಾಗ ನಾನು ಹಟ ಹಿಡಿದು ಕಲಿತೆ, ಲೈಸೆನ್ಸನ್ನೂ ಪಡೆದೆ. ಕೀಲಿ ಮಾತ್ರ ಗಂಡನ ಕಿಸೆಯಲ್ಲೇ ಉಳಿಯಿತು.

"ಬಾನೆಟ್ ಒಳಗ ಏನೈತಿ ಅಂತ ಗೊತ್ತಿಲ್ಲ, ಅಡವಿ ದಾರ್‍ಯಾಗ ಒಬ್ಬಾಕೀನ ಹೋಗ್ತೀನಿ ಅಂತಿ. ನಡುವ ನಿಂತ್ರ ಏನ್ ಮಾಡ್ತಿ? ಅದರ ಮುಂದ ಇತಿಹಾಸ ಹೇಳ್ತಿ?" ಎಂದರು.

"ನಿಮಗರ ಒಳಗ ಏನೈತಿ ಅಂತ ಗೊತ್ತೈತೇನ್ರಿ?"

"ನನಗ್ಯಾಕ ಗೊತ್ತಿರಬೇಕು? ನಾ ನಿಂತ್ರ ಲಾರಿಯವ್ರೆಲ್ಲಾ ಪರಿಚಯದವ್ರ ಅದಾರ."

ವಾದ ಎಲ್ಲಿಗೂ ಹೋಗಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಆ ಬೇಸಿಗೆಯ ಧೂಳಿಗೆ ಕಾರಿನ ಏರ್ ಫಿಲ್ಟರ್ ಕಟ್ಟಿಕೊಂಡು ಎಂಜಿನ್ನಿಗೆ ಉಬ್ಬಸ ಬಂದಿತ್ತು. ನಾನೊಬ್ಬಳೇ, ಯಾರ ಕೈಯನ್ನೂ ತಾಗಿಸಿಕೊಳ್ಳದೆ, ಹೊಸ ಫಿಲ್ಟರ್ ಹಾಕಬೇಕು. ಕಾರು ಸರಿಯಾಗಿ ಓಡಿದರೆ ಕೀಲಿ ನನ್ನದು. ಇಲ್ಲದಿದ್ದರೆ ಬಸ್ಸು, ಮತ್ತು ಹಿಂದಿನ ಬೆಂಚಿನವರ ಕರುಣೆ.

ಮುಂದೆ ಹೋಗುವ ಮುನ್ನ ನಮ್ಮತ್ತೆಯ ಬಗ್ಗೆ ಹೇಳಬೇಕು. ಧಾರವಾಡದ ಕಡೆಯವರು. ಹೊಸ ವಸ್ತುವಿನ ಪ್ಲಾಸ್ಟಿಕ್ ಕವರು ತೆಗೆಯುವುದೆಂದರೆ ಅವರಿಗೆ ಒಡೆದು ಹಾಕಿದಂತೆಯೇ. ನಮ್ಮ ಸೋಫಾ ಅಂಗಡಿಯಿಂದ ಬಂದ ಕವರಿನಲ್ಲೇ ಇತ್ತು. ಬೇಸಿಗೆಯಲ್ಲಿ ಅದರಿಂದ ಎದ್ದರೆ ಬೆನ್ನಿನ ಚರ್ಮ ಸ್ವಲ್ಪ ಹೊತ್ತು ಅಲ್ಲೇ ಉಳಿಯುತ್ತಿತ್ತು. ರಿಮೋಟಿಗೆ ಕವರು, ಫೋನಿಗೆ ಕವರು, ಗೋಡೆಯ ಗಡಿಯಾರಕ್ಕೂ ಕವರು. ಸಮಯ ಕೇಳಿದರೆ ಎಲ್ಲರೂ ಅಂದಾಜಿನ ಮೇಲೆ ಹೇಳುತ್ತಿದ್ದೆವು. ಕಾರಿನ ಸೀಟಿಗೆ ಹಳೆಯ ಮಾಲೀಕ ಹಾಕಿಸಿದ್ದ ಪ್ಲಾಸ್ಟಿಕ್ ಹರಿದಿರಲಿಲ್ಲವೆಂಬ ಒಂದೇ ಕಾರಣಕ್ಕೆ ಅತ್ತೆ ಆ ಕಾರನ್ನು ಒಪ್ಪಿದ್ದರು. ನಾನು ಓದಿದವಳಲ್ಲವೇ, ಚೇಷ್ಟೆ ಮಾಡುತ್ತಿದ್ದೆ.

"ಅತ್ತೀ, ನನಗೂ ಒಂದು ಕವರ್ ತರಸ್ರಿ. ನಾನೂ ಈ ಮನಿಗೆ ಹೊಸಾಕಿನ."

"ತರಸಬೇಕಿತ್ತವಾ," ಎಂದರು ಅತ್ತೆ, ಕಡಲೆ ಆರಿಸುತ್ತ, ತಲೆಯೆತ್ತದೆ. "ಬಾಯಿಗೆ. ತಡಾ ಆತು."

ಅದೊಂದು ಭಾನುವಾರ. ಕಾರಿನ ಜೊತೆ ಬಂದ ಪುಸ್ತಕವನ್ನು ಪರೀಕ್ಷೆಗೆ ಓದುವಂತೆ ಓದಿ, ಮುಖ್ಯವಾದ ಕಡೆ ಗೆರೆ ಎಳೆದು, ಬಾನೆಟ್ ಎತ್ತಿದೆ. ಬೋಗುಣಿಯಂಥ ಕರಿಯ ಡಬ್ಬಿ, ನಡುವೆ ಒಂದು ನಟ್ಟು, ಸುತ್ತ ಕ್ಲಿಪ್ಪುಗಳು. ಮುಚ್ಚಳ ತೆಗೆದರೆ ಒಳಗೆ ಸೀರೆಯ ನೆರಿಗೆಯ ಹಾಗೆ ಮಡಚಿದ ಕಾಗದದ ಬಳೆ, ಹಳಿಯಾಳದ ಅರ್ಧ ರಸ್ತೆ ಅದರಲ್ಲೇ ಇತ್ತು. ಹೊಸದನ್ನು ಪೆಟ್ಟಿಗೆಯಿಂದ ತೆಗೆದೆ. ಅದರ ಹೊರಸುತ್ತಿಗೆ ಮೈಗಂಟಿದಂತೆ ತೆಳುವಾದ ಪ್ಲಾಸ್ಟಿಕ್ ಪಟ್ಟಿ ಇತ್ತು. ಇಲ್ಲಿಂದ ನನ್ನ ನೆನಪು ಕೈಕೊಡುತ್ತದೆ. ಕೈಯಲ್ಲಿ ಪರಪರ ಎನ್ನುವ ಪ್ಲಾಸ್ಟಿಕ್ ಹಿಡಿದಿದ್ದು ಸ್ಪಷ್ಟವಾಗಿ ನೆನಪಿದೆ. ಆದರೆ ನಮ್ಮ ಮನೆಯಲ್ಲಿ ಪರಪರ ಎನ್ನದ ವಸ್ತು ಯಾವುದಿತ್ತು? ಜೊತೆಗೆ ಇನ್ನೊಂದು ನೆನಪೂ ಇದೆ, ಅದು ನನಗೆ ಇಷ್ಟವಿಲ್ಲದ್ದು: ಧೂಳು ತಡೆಯುವುದೇ ಇದರ ಕೆಲಸವಾದರೆ ಪ್ಲಾಸ್ಟಿಕ್ ಇದ್ದರೆ ಇನ್ನೂ ಒಳ್ಳೆಯದೇ ಅಲ್ಲವೇ ಎಂದು ಒಂದು ಗಳಿಗೆ ಯೋಚಿಸಿದ್ದು. ಯೋಚಿಸಿ ಏನು ಮಾಡಿದೆನೋ ತಿಳಿಯದು. ಫಿಲ್ಟರನ್ನು ಡಬ್ಬಿಯಲ್ಲಿ ಕೂರಿಸಿದೆ. ಅಷ್ಟರಲ್ಲಿ ಫೋನು ಬಂತು, ಒಳಗೆ ಹೋದೆ. ಯಾರೋ ರೇಷನ್ ಅಂಗಡಿಯೇನ್ರಿ ಎಂದು ಕೇಳಿದರು. ಅಲ್ಲವೆಂದರೂ ನಂಬದೆ ಸಕ್ಕರೆ ಬಂದಿದೆಯೇ ಎಂದರು. ತಿರುಗಿ ಬಂದು ಮುಚ್ಚಳ ಹಾಕಿ, ನಟ್ಟು ಬಿಗಿದು, ಕೈಗಂಟಿದ ಮಸಿಯನ್ನು ತೊಳೆಯದೆ ಹಾಗೇ ಇಟ್ಟುಕೊಂಡೆ, ನಾಲ್ಕು ಜನ ನೋಡಲಿ ಎಂದು.

ಮಧ್ಯಾಹ್ನ ಪರೀಕ್ಷೆ. ನಾನು ಸ್ಟೇರಿಂಗಿನಲ್ಲಿ, ಗಂಡ ಪಕ್ಕದಲ್ಲಿ, ಅತ್ತೆ ಹಿಂದಿನ ಸೀಟಿನ ಪ್ಲಾಸ್ಟಿಕ್ಕಿನ ಮೇಲೆ. ಎಂಜಿನ್ ಸುರುವಾಯಿತು. ನಾನು ಗಂಡನ ಕಡೆ ನೋಡಿದೆ. ಅವರು ಕಿಟಕಿಯ ಕಡೆ ನೋಡಿದರು. ಮೆಲ್ಲಗೆ ಹೋಗುವಾಗ ಏನೂ ತೊಂದರೆಯಿರಲಿಲ್ಲ, ಸ್ವಲ್ಪ ಗೊರಗೊರ ಅಷ್ಟೆ. ಕಾರ್ಖಾನೆಯ ಗೇಟಿನ ಎದುರು ಬಂದಾಗ ಶಿಫ್ಟ್ ಬಿಡುವ ಹೊತ್ತು, ರಸ್ತೆ ತುಂಬ ಸೈಕಲ್ಲು. ನಡುವೆ ದಾರಿ ಸಿಕ್ಕಿತೆಂದು ಗತ್ತಿನಿಂದ ಆಕ್ಸಿಲರೇಟರ್ ಒತ್ತಿದೆ. ಕಾರು ಕೆಮ್ಮಿತು, ಬಿಕ್ಕಿತು, ರಸ್ತೆಗೆ ಅಡ್ಡಡ್ಡ ನಿಂತೇಬಿಟ್ಟಿತು.

ದಾಂಡೇಲಿಯಲ್ಲಿ ಗಂಡನಿಗೆ ಪರಿಚಯವಿಲ್ಲದವರು ಯಾರಿದ್ದಾರೆ? ಎಲ್ಲರೂ ಸೈಕಲ್ ಇಳಿದರು.

"ವೈನಿಯವರ, ಬ್ರೇಕ್ ಮ್ಯಾಲಿನ ಕಾಲ ತಗೀರಿ."

"ಪೆಟ್ರೋಲ್ ಹಾಕ್ಸಿರೇನ್ರಿ, ಇಲ್ಲಾ ಬರೇ ಪೂಜಿ ಮಾಡೀರಿ?"

"ದೂಡ್ರಲೇ, ಸಾಹೇಬ್ರ ಮನಿಯವ್ರ ಮೊದಲನೇ ಸವಾರಿ."

ಗಂಡ ಇಳಿದು ಬಾನೆಟ್ ಎತ್ತಿ, ಬೆಳಿಗ್ಗೆ ಯಾರ ಕೈ ಎಲ್ಲಿ ಆಡಿತ್ತೆಂದು ಗೊತ್ತಿದ್ದುದರಿಂದ ನೇರ ಆ ಡಬ್ಬಿಗೇ ಕೈಹಾಕಿದರು. ನಾನೂ ಇಳಿದು ನಿಂತೆ. ಮುಚ್ಚಳ ತೆಗೆದರು, ಫಿಲ್ಟರ್ ಎತ್ತಿದರು. ಅದರ ಹೊರಸುತ್ತಿನ ಪ್ಲಾಸ್ಟಿಕ್ ಬಿಸಿಲಿಗೆ ಥಳಥಳ ಹೊಳೆಯಿತು. ಎಂಜಿನ್ನು ಉಸಿರಾಡುವ ಮೂಗಿಗೇ ಯಾರೋ ಕವರು ಹಾಕಿದ್ದರು. ಗಂಡ ಅದನ್ನು ಎರಡು ಬೆರಳಲ್ಲಿ ಸುಲಿದು, ಜಾತ್ರೆಯಲ್ಲಿ ಬಲೂನು ಹಿಡಿದವನಂತೆ ಎತ್ತಿ ಹಿಡಿದರು. ಇನ್ನೊಂದು ಕೈ ಕೀಲಿಗಾಗಿ ನನ್ನ ಕಡೆ ಚಾಚಿತು.

"ಇದನ್ನ ತಗೀಲಾರದ ಹಾಕಿದಿ ಏನ?"

ನಾನು ಬಾಯಿ ತೆಗೆದದ್ದು ನಿಜ. ಏನು ಹೇಳಲು ಎಂಬುದು ಗೊತ್ತಿಲ್ಲ.

"ಆಕಿಗ್ಯಾಕ ಬೈತಿ?" ಎಂದಿತು ಹಿಂದಿನ ಕಿಟಕಿ. "ಆಕಿ ತಗದು ಒಗದಿದ್ಲು, ನಾ ನೋಡೀನಿ. ಫೋನ್ ಬಂತಂತ ಒಳಗ ಹ್ವಾದ್ಲು. ಹೊಸಾ ಸಾಮಾನ ಹಂಗ ಬತ್ತಲೆ ಕುಂತಿತ್ತು, ಧೂಳ ಹತ್ತತೈತಿ ಅಂತ ನಾನ ತಿರಗಿ ತೊಡಿಸೀನಿ. ಏನಾತೀಗ?"

ಶಿಫ್ಟ್ ಮುಗಿಸಿ ಬಂದವರೆಲ್ಲ ಸೈಕಲ್ ಹಿಡಿದುಕೊಂಡೇ ನಕ್ಕರು. "ಆಯಿ ಎಂಜಿನ್ನಿಗೂ ಸೋಫಾ ಕವರ್ ಹಾಕ್ಯಾಳ್ರಿ." "ಆಯೀ, ನಮ್ಮ ಸೈಕಲ್ಲಿಗೂ ಒಂದು ತೊಡಸ." ಅತ್ತೆ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕೂತಿದ್ದರು. ಗಂಡನೂ ನಕ್ಕು, ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು. ಇಷ್ಟೆಲ್ಲ ಆಗುವಾಗ ನಾನು ಏನು ಮಾಡಿದೆ ಎಂಬುದು ಮಾತ್ರ ನನಗೆ ಖಚಿತವಾಗಿ ನೆನಪಿದೆ. ನಾನೂ ನಕ್ಕೆ.

ಪ್ಲಾಸ್ಟಿಕ್ ತೆಗೆದ ಕಾರು ಹೂವಿನ ಹಾಗೆ ಓಡಿತು. ಮಾರನೆಯ ದಿನದಿಂದ ಹಳಿಯಾಳಕ್ಕೆ ನಾನೇ ನಡೆಸಿಕೊಂಡು ಹೋದೆ, ಹಿಂದಿನ ಬೆಂಚಿನವರನ್ನು ಮನಸಾರೆ ನಿಲ್ಲಿಸಿದೆ. ಗಂಡನಿಗೆ ಒಂದು ಕತೆ ಸಿಕ್ಕಿತು. ಬಂದ ನೆಂಟರಿಗೆಲ್ಲ ಅದನ್ನು ಅವರು ಅತ್ತೆಯ ಎದುರೇ, ಅತ್ತೆಯ ದನಿಯಲ್ಲೇ ಹೇಳುತ್ತಾರೆ. 'ಬತ್ತಲೆ ಕುಂತಿತ್ತು' ಎಂಬಲ್ಲಿ ಎಲ್ಲರೂ ನಗುತ್ತಾರೆ. ಅತ್ತೆ ತಮ್ಮದಲ್ಲದ ಸಾಮಾನನ್ನು ಕಾಯುವವರಂತೆ ಸುಮ್ಮನೆ ಕೂತಿರುತ್ತಾರೆ. ಆ ಕತೆ ಸುರುವಾಗುತ್ತಲೇ ನನಗೆ ಅಡುಗೆಮನೆಯಲ್ಲಿ ಏನಾದರೊಂದು ಕೆಲಸ ನೆನಪಾಗುತ್ತದೆ.

ಈಚೆಗೊಮ್ಮೆ ಮನೆಯಲ್ಲಿ ನಾನೂ ಅತ್ತೆಯೂ ಇಬ್ಬರೇ ಇದ್ದಾಗ ಕೇಳಿಯೇಬಿಡಬೇಕೆಂದು ಅವರ ಬಳಿ ಹೋಗಿ ಕೂತೆ. 'ಕವರು ಹಾಕಿದ್ದು ನೀವೇನಾ' ಎಂದು ಕೇಳಬೇಕೆಂದು ಸಿದ್ಧ ಮಾಡಿಕೊಂಡು ಹೋಗಿದ್ದೆ. ಅವರ ಮೇಲಿನ ಅಪವಾದ ತೊಳೆಯುವ ಪ್ರಶ್ನೆ ಅದು. ಬಾಯಿಂದ ಬಂದದ್ದು ಬೇರೆಯೇ. ನನಗೆ ಬೇಕಾಗಿದ್ದು ನನ್ನ ಬಿಡುಗಡೆಯಷ್ಟೇ ಎಂದು ಅದು ಹೊರಬಿದ್ದ ಮೇಲೆ ತಿಳಿಯಿತು. ಅತ್ತೆ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ಆಮೇಲೂ ಒಂದೆರಡು ಸಲ ಅದನ್ನೇ ಕೇಳಿದ್ದೇನೆ:

"ಅತ್ತೀ, ಅವತ್ತು ನಾ ಕವರ್ ತಗದು ಒಗದಿದ್ದು ನೀವು ಖರೇನ ನೋಡಿದ್ರೇನ್ರಿ?"