ಇನಾಯತ ಟೇಲರರ ಎಣ್ಣೆ ಡಬ್ಬಿ

“ಇನ್ನ ಮುಂದ ಈ ಗಾಡಿಗೆ ಯಾರೂ ಕೈ ಹಚ್ಚೂದು ಬ್ಯಾಡ! ಕೀಲಿ ತಿರುವಿದ್ರ ಸಾಕು, ಹುಲಿ ಹಂಗ ಏಳಬೇಕು!”

ಲಕ್ಷ್ಮೇಶ್ವರದ ಇನಾಯತ ಟೇಲರರು ಇಡೀ ಓಣಿಗೆ ಕೇಳುವಂತೆ ಶಪಥ ಮಾಡಿದರು. ಅವರ ಹಳೆಯ ಕಾರಿನ ಸ್ಟಾರ್ಟರ್ ಮೋಟರು ಸವೆದು ವರ್ಷವಾಗಿತ್ತು. ಕೀಲಿ ತಿರುವಿದರೆ ‘ಟಕ್’ ಎಂಬ ಒಂದೇ ಶಬ್ದ; ಆಮೇಲೆ ಮೌನವ್ರತ! ಎದುರಿನ ಗಿರಣಿಯ ಚನ್ನಬಸವಣ್ಣ ನಾಲ್ಕು ಜನರನ್ನು ಕೂಡಿಸಿ ದೂಡಬೇಕು; ಹೆಂಡತಿ ನಜಮಾ ಸ್ಟೀರಿಂಗ್ ಹಿಡಿದು ಎರಡನೆಯ ಗೇರಿನಲ್ಲಿ ಎಂಜಿನ್ನನ್ನು ಎಬ್ಬಿಸಬೇಕು. ಅದು ಎದ್ದ ಕೂಡಲೇ ಟೇಲರರು, “ಸರಿ, ಆ ಕಡೆ ಸರಿ,” ಎಂದು ಆಕೆಯನ್ನು ಸರಿಸಿ ತಾವು ಸಾರಥಿಯಾಗುವರು. ನಜಮಾಳ ಬಳಿ ಲೈಸೆನ್ಸ್ ಇತ್ತು. ಆದರೆ ಓಣಿಯ ತಿರುವು ದಾಟಿ ಓಡಿಸುವ ಭಾಗ್ಯ ಇನ್ನೂ ಒದಗಿರಲಿಲ್ಲ.

ರವಿವಾರ ಶಿರಹಟ್ಟಿಯಲ್ಲಿ ನಜಮಾಳ ಅಣ್ಣನ ಮಗಳು ಶಾಹಿಸ್ತಾಳ ನಿಶ್ಚಿತಾರ್ಥ. ಹುಡುಗಿ ತೊಡಬೇಕಾದ ಜರಿಯ ಉಡುಪನ್ನು ಹೊಲಿದವರು ನಮ್ಮ ಟೇಲರರೇ. ಹನ್ನೊಂದಕ್ಕೆ ಅದು ಅಲ್ಲಿರಲೇಬೇಕು.

“ಗದಗಿನ್ಯಾಗ ನನ್ನ ತಮ್ಮ ಮೊಹಸಿನ ಗಾಡಿ ಮೋಟರ್ ರಿಪೇರಿ ಕೆಲಸಾನ ಮಾಡ್ತಾನಲ್ರಿ. ಅವಗ ಕೊಡ್ರಿ,” ಎಂದಳು ನಜಮಾ.

“ಮೂವತ್ತ ವರ್ಷ ಹೊಲಿಗಿ ಮಿಷನ್ ಬಿಚ್ಚಿ ಕೂಡ್ಸೀನಿ! ಅದೂ ತಿರಗೂದ, ಇದೂ ತಿರಗೂದ!”

ಆದರೂ ಮೊಹಸಿನನಿಗೆ ಫೋನು ಹೋಯಿತು. “ಹೊಸಾ ಬ್ರಷ್ ಹಾಕ್ರಿ ಭಾವಾ. ತಾಮ್ರದ ಪಟ್ಟಿ ಮಾತ್ರ ಒಣಾ ಇರಲಿ, ಖಬರ್ ಇರಲಿ,” ಎಂದನು ಅವನು.

ಶನಿವಾರ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮೋಟರಿನ ಶಸ್ತ್ರಚಿಕಿತ್ಸೆ ನಡೆಯಿತು. ಒಂದೊಂದು ಭಾಗಕ್ಕೂ ಒಂದೊಂದು ಬಣ್ಣದ ದಾರ ಕಟ್ಟಿದರು. ಕಡಲೆಬೇಳೆಯಷ್ಟಾಗಿದ್ದ ಕಾರ್ಬನ್ ಬ್ರಷ್ಷುಗಳನ್ನು ಕಿತ್ತು ಹೊಸವನ್ನು ಕೂರಿಸಿದರು. ತಾಮ್ರದ ಪಟ್ಟಿಗಳ ಸಂದಿಯ ಕೊಳೆಯನ್ನು ಹೊಲಿಗೆ ಬಿಚ್ಚುವ ಸೂಜಿಯಿಂದ ಕೆದರಿ ತೆಗೆದರು. ಬ್ಯಾಟರಿಯ ತಂತಿ ಮುಟ್ಟಿಸಿದ್ದೇ ತಡ, ‘ಗುರ್ರ್!’ ಎಂದು ತಿರುಗಿದ ಮೋಟರು ಪಕ್ಕದಲ್ಲಿ ಹೊಲಿದಿಟ್ಟಿದ್ದ ಚನ್ನಬಸವಣ್ಣನ ಹೊಸ ಅಂಗಿಯ ಒಂದು ತೋಳನ್ನು ನುಂಗಿಬಿಟ್ಟಿತು!

“ನೋಡಿದೇನ ಶಕ್ತಿ!” ಎಂದರು ಟೇಲರರು.

“ನೋಡಿದೆ. ಅಂಗಿ ಯಾರಿಗೆ ತೋರಸ್ತೀರಿ?” ಎಂದಳು ನಜಮಾ.

ಕೆಲಸ ಅಲ್ಲಿಗೆ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ದಿನದ ಕೆಲಸ ಮುಗಿದ ಮೇಲೆ ಯಂತ್ರಕ್ಕೆ ಎರಡು ಹನಿ ಎಣ್ಣೆ ಬಿಟ್ಟೇ ಮುಸುಕು ಹಾಕುವುದು ಅವರ ಮೂವತ್ತು ವರ್ಷದ ರೂಢಿ. ಕೈ ತಾನಾಗಿಯೇ ಎಣ್ಣೆ ಡಬ್ಬಿಯತ್ತ ಹೋಯಿತು. ತಾಮ್ರದ ಪಟ್ಟಿಗಳ ಮೇಲೆ ಎರಡು ಹನಿ ಬಿದ್ದವು. ಪ್ರೀತಿ ಉಕ್ಕಿ ಇಪ್ಪತ್ತಾದವು. ಮೋಟರನ್ನು ಕಾರಿಗೆ ಜೋಡಿಸಿ, ಡಬ್ಬಿಯನ್ನು ಸೀಟಿನ ಕೆಳಗಿಟ್ಟು, ಟೇಲರರು ಸುಖವಾಗಿ ಮಲಗಿದರು.

ರವಿವಾರ ಬೆಳಿಗ್ಗೆ ಓಣಿಯೆಲ್ಲ ನೋಡುತ್ತಿರಲು ಕೀಲಿ ತಿರುವಿದರು. ‘ಗುರ್…’ ಎಂದ ಹುಲಿ ಅರ್ಧಕ್ಕೇ ಕೆಮ್ಮಿತು. ಬಾನೆಟ್ಟಿನ ಸಂದಿಯಿಂದ ಹೊಗೆ ಎದ್ದಿತು. ಬಳಿಕ ಅದೇ ಹಳೆಯ ‘ಟಕ್’!

“ಬಸವಣ್ಣಾ, ಒಂದೀಟ ದೂಡ್ರಿ!”

ಚನ್ನಬಸವಣ್ಣ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡನು. “ಛೇ ಛೇ! ನಿಮ್ಮ ಶಪಥಾ ಮುರದ ಪಾಪ ನಮಗ್ಯಾಕ್ರಿ? ಅದೂ ಅಲ್ದ, ಮೈಮ್ಯಾಲೆ ಹಳೇ ಅಂಗಿ ಐತಿ. ಹೊಸಾದು ಸಿಕ್ಕಿಂದ ನೋಡೂಣು.”

ನಜಮಾ ಆಗಲೇ ಸ್ಟೀರಿಂಗಿನ ಮುಂದೆ ಕುಳಿತಾಗಿತ್ತು. “ಹತ್ತ ಹೊಡೀತು. ಹುಡುಗಿ ಅರಿವಿ ನನ್ನ ಕಡೆ ಐತಿ. ಜಲ್ದಿ ದೂಡ್ರಿ!”

ಟೇಲರರು ಒಬ್ಬರೇ ದೂಡಿದರು. ಟೋಪಿ ಬಿತ್ತು, ಚಪ್ಪಲಿ ಹರಿಯಿತು. ಇಳಿಜಾರಿನಲ್ಲಿ ಎಂಜಿನ್ ಎದ್ದಿತು. ಎದ್ದದ್ದು ಓಣಿಯ ತಿರುವನ್ನೂ ದಾಟಿತು!

“ನಿಲ್ಲಸ! ನಿಲ್ಲಸ!”

“ನಿಲ್ಲಿಸಿದ್ರ ಮತ್ತ ಏಳೂದಿಲ್ಲ! ಬಸ್ಸಿಗೆ ಬರ್ರಿ!”

ಕಾರು ನಿಲ್ಲಿಸಿದರೂ ಎಂಜಿನ್ ಆರುವುದಿಲ್ಲವೆಂಬುದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು.

ಟೇಲರರು ಬಸ್ಸು ಹಿಡಿದು ಶಿರಹಟ್ಟಿ ಮುಟ್ಟಿದಾಗ ಶಾಹಿಸ್ತಾ ಜರಿಯ ಉಡುಪಿನಲ್ಲಿ ಮಿನುಗುತ್ತಿದ್ದಳು. ಉಂಗುರ ತೊಡಿಸಿ ಆಗಿತ್ತು. ಅಂಗಳದಲ್ಲಿ ಮೊಹಸಿನ ಮೋಟರನ್ನು ಬಿಚ್ಚಿಕೊಂಡು ಕುಳಿತಿದ್ದನು.

“ಭಾವಾ, ಒಣಾ ಇರಲಿ ಅಂದಿದ್ದೆ. ಇದರಾಗ ಮದುವಿ ಅಡಿಗಿ ವಗ್ಗರಣಿಗಾಗುವಷ್ಟ ಎಣ್ಣಿ ಐತಿ!”

ಅವನು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಜೋಡಿಸಿದನು. ಹೊರಡುವಾಗ ನಜಮಾ ಒಮ್ಮೆ ಕೀಲಿ ತಿರುವಿದ್ದಕ್ಕೇ ಕಾರು ಹುಲಿಯಂತೆ ಎದ್ದಿತು. ಟೇಲರರು ಗಂಟಲು ಸರಿಪಡಿಸಿಕೊಂಡು ಸಾರಥಿಯ ಬಾಗಿಲಿಗೆ ಬಂದರು.

“ಸರಿ, ಆ ಕಡೆ ಸರಿ.”

ನಜಮಾ ಅಲುಗಲಿಲ್ಲ. ಸೀಟಿನ ಕೆಳಗಿದ್ದ ಎಣ್ಣೆ ಡಬ್ಬಿಯನ್ನು ತೆಗೆದು ಗಂಡನ ಕೈಗಿಟ್ಟಳು.

“ಇದನ್ನ ಹಿಡ್ಕೊಂಡ ನೀವ ಆ ಕಡೆ ಕುಂಡ್ರಿ. ಮನಿ ಮುಟ್ಟೂಮಟ ಮುಚ್ಚಳಾ ತಗೀಬ್ಯಾಡ್ರಿ.”